ಎದುರಿನವರು ಕಳಿಸಿದ್ರು

ಒಲೆ ಸ್ವಲ್ಪ ಸಣ್ಣ ಮಾಡಿ, ಬುಸುಗುಡುತ್ತಿದೆ. ಮಕ್ಕಳು ಮಲಗಿದವಾ? ಸರಿ... ಇದು ಯಾರೋ ಯಾರಿಗೋ ಹೇಳಿ ನನ್ನ ಕಿವಿಗೆ ಬಿದ್ದದ್ದಲ್ಲ. ಲುತ್ಫಿಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವನು ಮಗ್ಗುಲು ಬದಲಿಸಿದರೆ ಮಂಚ ಕಿರುಗುಟ್ಟುವುದೂ, ಹೆಂಡತಿಯ ಹತ್ತಿರ ಬಾಯಿಬಿಡುವುದೂ ನಮಗೆ ಕೇಳಿಸುತ್ತಿತ್ತು. ಆ ಚಳಿಗಾಲದಲ್ಲಿ ಮಂಚ ರಾತ್ರಿಯಿಡೀ ಕಿರುಗುಟ್ಟಿತು.

ಸುಬ್ಹಿಯನ್ನು ಮಣ್ಣು ಮಾಡಿ ಮೂರು ದಿನ ಆಗಿತ್ತು. ರಾತ್ರಿಯ ಇಶಾ ನಮಾಜು ಮುಗಿಸಿ, ಅಂಗಡಿ ಮುಚ್ಚಿ, ಲುತ್ಫಿ ಮನೆಗೆ ಹೊರಟ. ನಮ್ಮ ಹಲಬ್‌ನ ಹಳೇ ಪೇಟೆ ಗೊತ್ತಲ್ಲ, ನಕಾಶೆಯಲ್ಲಿ ಅಲೆಪ್ಪೊ ಅಂತ ಬರೆಯುತ್ತಾರಲ್ಲ, ಅದೇ. ಅಲ್ಲಿ ಹಾಸಿಗೆಯವರ ಓಣಿಯಿಂದ ನಮ್ಮ ಕೇರಿಗೆ ಹತ್ತಿರದ ದಾರಿಯೆಂದರೆ ಹಳೇ ಛತ್ರದ ಅಂಗಳ. ಅಂಗಳದ ನಡುವೆ ಬಾವಿ. ಮೂಲೆಯಲ್ಲಿ ಹಳ್ಳಿಯವರ ಕತ್ತೆಗಳು ನಿಂತಲ್ಲೇ ತೂಕಡಿಸುತ್ತಿದ್ದವು. ಬಾವಿಯ ಬಕೀಟು ತೊಟ್ಟಿಕ್ಕುತ್ತಿತ್ತು. ಟಪ್... ಟಪ್...

ಲುತ್ಫಿ ಬಾವಿಕಟ್ಟೆ ದಾಟಿದ. ಆಗ ಬೆನ್ನ ಹಿಂದೆ, ದೀಪ ಆರಿದ ಓಣಿಯೊಳಗಿಂದ, ಇನ್ನೊಂದು ಸದ್ದು.

ಟಕ್-ಝುಂಯ್... ಟಕ್-ಝುಂಯ್...

ಹತ್ತಿ ಹಿಂಜುವ ಬಿಲ್ಲು. ಕೊಡತಿ ಹೆದೆಗೆ ಬಡಿದರೆ ಟಕ್, ಹೆದೆ ಹತ್ತಿಯೊಳಗೆ ಮಿಡಿದರೆ ಝುಂಯ್. ಆ ಓಣಿಯಲ್ಲಿ ಹದಿನಾಲ್ಕು ಅಂಗಡಿ, ಹದಿನಾಲ್ಕು ಬಿಲ್ಲು. ಯಾರು ಹಿಂಜುತ್ತಿದ್ದಾರೆ ಅಂತ ಅಲ್ಲಿಯವರು ಕಣ್ಣು ಮುಚ್ಚಿ ಹೇಳುತ್ತಾರೆ. ಎರಡು ಸಲ ಬಡಿದು, ನಿಲ್ಲಿಸಿ, ಕೆಮ್ಮುವವನು ಒಬ್ಬನೇ ಇದ್ದ.

ಟಕ್-ಝುಂಯ್... ಟಕ್-ಝುಂಯ್... ಖೊಳ್.

"ಸುಬ್ಹಿ?"

ಪಿಸುಗುಟ್ಟಿದ ಅಷ್ಟೇ. ಸದ್ದು ನಿಂತಿತು. ಬಕೀಟಿನ ಟಪ್ ಮಾತ್ರ ಉಳಿಯಿತು... ಲುತ್ಫಿ ಓಡಿದ. ಅವನ ಒಂದು ಚಪ್ಪಲಿ ನಮ್ಮ ಬಾಗಿಲ ಮುಂದೆ ಬಿದ್ದಿತ್ತು, ಬೆಳಿಗ್ಗೆ ನಾನೇ ಎತ್ತಿ ಕೊಟ್ಟೆ.

ಅವನು ಓಡಲು ಕಾರಣವಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಹಾಸಿಗೆಯವರ ಓಣಿಯಲ್ಲಿ ಬೆಳಿಗ್ಗೆ ಅಂಗಡಿ ತೆಗೆದವನು ಮೊದಲು ಮಾಡುವ ಕೆಲಸ, ಒಂದು ಸಣ್ಣ ಸ್ಟೂಲನ್ನು ಬಾಗಿಲ ಹೊರಗಿಡುವುದು. ಬೋಣಿ ಆಯಿತೋ, ಸ್ಟೂಲು ಒಳಗೆ. ಆಮೇಲೆ ಇನ್ನೊಬ್ಬ ಗಿರಾಕಿ ಬಂದರೆ ಅಂಗಡಿಯವನು ಓಣಿಯ ಎರಡೂ ಕಡೆ ಕತ್ತು ಚಾಚಿ ನೋಡಬೇಕು. ಯಾರದಾದರೂ ಸ್ಟೂಲು ಇನ್ನೂ ಹೊರಗಿದ್ದರೆ, "ನಂದು ಬೋಣಿ ಆಯ್ತು, ಅವರದು ಆಗಿಲ್ಲ, ಅಲ್ಲಿಗೆ ಹೋಗಿ" ಅಂತ ಕೈಗೆ ಬಂದ ಗಿರಾಕಿಯನ್ನು ಅತ್ತ ಕಳಿಸಬೇಕು. ಅಜ್ಜಂದಿರ ಕಾಲದಿಂದಲೂ ಹೀಗೇ. ಇದಕ್ಕೊಂದು ಕಾಗದವಿಲ್ಲ, ಕೇಳುವ ಅಧಿಕಾರಿಯಿಲ್ಲ. ನಂಬಿಕೆ ಅಷ್ಟೇ. ಇನ್ನೊಬ್ಬನ ಸ್ಟೂಲನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಕೈ ಕೈ ಮಿಲಾಯಿಸುತ್ತದೆ.

ಓಣಿಯಲ್ಲಿ ಹಿಂಬಾಗಿಲು ಇದ್ದದ್ದು ಲುತ್ಫಿಯ ಅಂಗಡಿಗೆ ಮಾತ್ರ. ಅದು ಛತ್ರದ ಅಂಗಳಕ್ಕೆ ತೆರೆದುಕೊಳ್ಳುತ್ತಿತ್ತು. ಗಿರಾಕಿ ಮುಂಬಾಗಿಲಿಂದ ಬರುತ್ತಿದ್ದ. ಲುತ್ಫಿ "ಒಳ್ಳೇ ಮಾಲು ಒಳಗಿದೆ ಬನ್ನಿ" ಅಂತ ಒಳಕ್ಕೆ ಕರೆದೊಯ್ದು, ರಜಾಯಿ ಮಾರಿ, ಗಂಟು ಕಟ್ಟಿ, "ಈ ಕಡೆಯಿಂದ ಹೋದರೆ ನಿಮಗೆ ಹತ್ತಿರ" ಅಂತ ಹಿಂಬಾಗಿಲಿಂದ ಸಾಗಹಾಕುತ್ತಿದ್ದ. ಆಮೇಲೆ ಮುಂದೆ ಬಂದು, ಮುಖ ಸಪ್ಪೆ ಮಾಡಿಕೊಂಡು, "ಬರೀ ನೋಡಿ ಹೋದ್ರು" ಅನ್ನುತ್ತಿದ್ದ. ಸ್ಟೂಲು ಹೊರಗೇ ಇರುತ್ತಿತ್ತು.

ಒಂದು ದಿನ ಎರಡು ದಿನ ಅಲ್ಲ. ಮೂರು ಚಳಿಗಾಲ.

ಓಣಿಯ ಹಿರಿಯ ಹಾಜಿ ದರ್ವೇಶ್ ಒಮ್ಮೆ ಎಲ್ಲರೆದುರು ರೇಗಿಸಿದ್ದರು. "ಏನೋ ಲುತ್ಫಿ, ನಿನ್ನ ಸ್ಟೂಲು ಅಲ್ಲೇ ಬೇರು ಬಿಟ್ಕೊಂಡಿದೆಯಾ ಹೇಗೆ? ಇನ್ನೊಂದು ವಾರಕ್ಕೆ ಚಿಗುರುತ್ತೆ ನೋಡು!"

ಎಲ್ಲರೂ ನಕ್ಕರು. ನಗದೆ ಇದ್ದವನು ಎದುರಂಗಡಿಯ ಸುಬ್ಹಿ ಒಬ್ಬನೇ.

"ಬಿಡಿ ಹಾಜಿ, ಪಾಪ, ಹೊಟ್ಟೆ ಉರಿಸ್ಬೇಡಿ. ಅವನ ನಸೀಬು ನೆಟ್ಟಗಿಲ್ಲ. ಇವತ್ತು ನಂಗೆ ಎರಡನೇ ಗಿರಾಕಿ ಬಂದ್ರೆ ಅವನಿಗೇ. ಲುತ್ಫಿ ಅಣ್ಣಾ, ಯೋಚ್ನೆ ಮಾಡ್ಬೇಡ."

ಸುಬ್ಹಿ ಅಂದರೆ ಹಾಗೆ. ತೆಳ್ಳಗೆ, ಹುಬ್ಬಿನ ತುಂಬ ಹತ್ತಿಯ ಎಳೆ ಅಂಟಿಸಿಕೊಂಡು, ಬೋಣಿ ಆದ ಕೂಡಲೇ ಸ್ಟೂಲು ಒಳಗಿಟ್ಟು, ಎರಡನೆಯವರನ್ನೂ ಮೂರನೆಯವರನ್ನೂ ನಾಲ್ಕನೆಯವರನ್ನೂ ಎದುರಿಗೆ ಕಳಿಸುತ್ತಿದ್ದ. ಉಳಿದವರಿಗೆ ಸಾಲಿನಲ್ಲಿ ಬೇರೆ ಬೇರೆ ಸ್ಟೂಲು ಕಾಣುತ್ತಿತ್ತು. ಅವನಿಗೆ ಕೂತಲ್ಲಿಂದ ಕಣ್ಣೆತ್ತಿದರೆ ಲುತ್ಫಿಯ ಸ್ಟೂಲೇ. ಹೀಗಾಗಿ ದಿನಕ್ಕೆ ಒಂದೇ ರಜಾಯಿ ಮಾರಿ ಮನೆಗೆ ಹೋಗುತ್ತಿದ್ದ. ಹತ್ತಿಯ ಧೂಳು ಎದೆಗಿಳಿದು ಕೆಮ್ಮು ಬಲಿಯಿತು. ವೈದ್ಯರು ಹಾಲು ಕುಡಿ, ಮಾಂಸದ ಸಾರು ಕುಡಿ ಅಂದರು. ದಿನಕ್ಕೊಂದು ರಜಾಯಿಯಲ್ಲಿ ಬೇಳೆಸಾರು ಬಂದರೆ ಹೆಚ್ಚು. ಮೂರನೇ ಚಳಿಗಾಲದ ನಡುವೆ ಒಂದು ಮಧ್ಯಾಹ್ನ ಹಿಂಜುತ್ತಿದ್ದ ಹಾಗೇ ಹತ್ತಿಯ ರಾಶಿಯ ಮೇಲೆ ಒರಗಿದ. ನಿದ್ದೆ ಅಂದುಕೊಂಡರು.

ಹೆಣ ಹೊತ್ತ ನಾಲ್ವರಲ್ಲಿ ಲುತ್ಫಿಯೂ ಒಬ್ಬ. ಹಾಜಿಯವರನ್ನು ಕೇಳಿಕೊಂಡು ಸುಬ್ಹಿಯ ಸ್ಟೂಲನ್ನು ಒಳಗಿಟ್ಟು, ಬಾಗಿಲು ಮುಚ್ಚಿ, ಬೀಗ ಜಡಿದು, ಬೀಗದ ಕೈಯನ್ನು ಸುಬ್ಹಿಯ ಹೆಂಡತಿ ಸನಿಯ್ಯಾಳಿಗೆ ಕೊಟ್ಟವನೂ ಅವನೇ. ಆ ಸ್ಟೂಲಿನ ಒಂದು ಕಾಲು ಸೀಳಿತ್ತು. ರಜಾಯಿ ಹೊಲಿಯುವ ದಾರವನ್ನೇ ಅದಕ್ಕೆ ಬಿಗಿಯಾಗಿ ಸುತ್ತಿದ್ದ ಸುಬ್ಹಿ. ವರ್ಷಗಟ್ಟಲೆ ಕೈತಾಗಿ ದಾರ ಕರ್ರಗಾಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಆಯಿತು. ಚಪ್ಪಲಿ ಬಿದ್ದ ರಾತ್ರಿ ಲುತ್ಫಿಗೆ ನಿದ್ದೆ ಹತ್ತಲಿಲ್ಲ. ಬೆಳಗಿನ ಬಾಂಗ್ ಆದ ಕೂಡಲೇ ಎದ್ದು ಹೋಗಿ ಅಂಗಡಿ ತೆಗೆದ. ಸ್ಟೂಲು ಹೊರಗಿಟ್ಟ. ಓಣಿಯಲ್ಲಿ ಬೇರೆ ಯಾರೂ ಇನ್ನೂ ಬಂದಿರಲಿಲ್ಲ. ಮೇಲಿನ ಕಲ್ಲುಕಮಾನಿನ ಕಿಂಡಿಯಲ್ಲಿ ಬೂದಿ ಬಣ್ಣದ ಬೆಳಕು. ಎದುರಿನ ಬೀಗ ಹಾಗೇ ಇತ್ತು. ಹೋಗಿ ಜಗ್ಗಿ ನೋಡಿದ. ಗಟ್ಟಿ ಇತ್ತು.

ತಿರುಗಿ ಬರುವಷ್ಟರಲ್ಲಿ ಅವನ ಬಾಗಿಲಲ್ಲಿ ಹಳ್ಳಿಯ ಹೆಂಗಸೊಬ್ಬಳು ನಿಂತಿದ್ದಳು.

"ಮಗಳ ಮದ್ವೆಗೆ ಜೋಡಿ ರಜಾಯಿ ಬೇಕಿತ್ತು. ಎದುರಿನವರು ಕಳಿಸಿದ್ರು. ಅವರದು ಆಯ್ತಂತೆ, ನಿಮ್ಮದಿನ್ನೂ ಬೋಣಿ ಆಗಿಲ್ವಂತೆ."

"ಯಾವ... ಎದುರಿನವರು?"

"ಅಯ್ಯೋ, ಅಲ್ಲೇ..." ಅವಳು ತಿರುಗಿ ಕೈ ತೋರಿಸಿದಳು. ಕೈ ಹಾಗೇ ನಿಂತಿತು. "ಈಗ ತಾನೇ ಇದ್ರಲ್ಲಪ್ಪಾ! ಸಣಕಲು ಮನುಷ್ಯ. ಹುಬ್ಬಿನ ಮೇಲೆಲ್ಲ ಹತ್ತಿ. ಕೆಮ್ತಿದ್ರು."

ಲುತ್ಫಿ ಎದುರಿನ ಬೀಗದ ಕಡೆ ನೋಡಿದ. ಆದರೂ ಮಾರಿದ ನೋಡಿ! ಜೀವ ಬಾಯಿಗೆ ಬಂದಿದ್ದರೂ ಜೋಡಿ ರಜಾಯಿ ಮಾರಿದ. ಅಷ್ಟೇ ಅಲ್ಲ. ಗಂಟು ಕಟ್ಟಿ, ಅಭ್ಯಾಸಬಲ, "ಈ ಕಡೆಯಿಂದ ಹೋದರೆ ನಿಮಗೆ ಹತ್ತಿರ" ಅಂತ ಹಿಂಬಾಗಿಲು ತೆಗೆದ. ಸ್ಟೂಲು ಹೊರಗೇ ಉಳಿಯಿತು. ಅಂಥವನು.

ಮಾರನೇ ದಿನ ಒಬ್ಬ ಸಿಪಾಯಿ ಬಂದ. "ಎದುರಿನವರು ಕಳಿಸಿದ್ರು. ಅವನ ಸ್ಟೂಲು ಇನ್ನೂ ಹೊರಗಿದೆ, ಪಾಪ, ಅಲ್ಲಿ ತಗೊಳ್ಳಿ ಅಂದ್ರು."

ಲುತ್ಫಿ ಇದು ಹಾಜಿ ದರ್ವೇಶರ ಕುಚೋದ್ಯ ಅಂದುಕೊಂಡ. ನೇರ ಹೋಗಿ ಜಗಳ ತೆಗೆದ. "ಸತ್ತವನ ಹೆಸರಲ್ಲಿ ತಮಾಷೆ ಮಾಡ್ತೀರಾ ಹಾಜಿ? ನಾಚ್ಕೆ ಆಗಲ್ವಾ?"

ಹಾಜಿ ಚಹದ ಲೋಟ ಕೆಳಗಿಟ್ಟು ಅವನನ್ನೇ ನೋಡಿದರು. "ನಾನೀಗ ತಾನೇ ಬಂದೆ ಕಣೋ. ಇನ್ನೂ ಅಂಗಡಿ ಬಾಗ್ಲು ತೆಗ್ದಿಲ್ಲ. ನಿಂಗೇನಾಗಿದೆ?"

ಮೂರನೇ ದಿನ ಲುತ್ಫಿ ಒಂದು ಉಪಾಯ ಮಾಡಿದ. ಸ್ಟೂಲನ್ನು ಹೊರಗಿಡಲೇ ಇಲ್ಲ. ಮೂರು ವರ್ಷದಲ್ಲಿ ಮೊದಲ ಸಲ. ಸ್ಟೂಲಿಲ್ಲ ಅಂದರೆ ಬೋಣಿ ಆಗಿದೆ ಅಂತ, ಬೋಣಿ ಆಗಿದ್ದರೆ ಯಾರೂ ಕಳಿಸುವಂತಿಲ್ಲ. ಅದನ್ನು ರಜಾಯಿಗಳ ಹಿಂದೆ ತಲೆಕೆಳಗು ಮಾಡಿಟ್ಟು ಕೂತ.

ಟಕ್-ಝುಂಯ್... ಟಕ್-ಝುಂಯ್... ಖೊಳ್.

ಸದ್ದು ನಿಂತಿತು. ಪಿಸುಮಾತು ಕೇಳಿಸಿತು, ಏನೆಂದು ತಿಳಿಯಲಿಲ್ಲ. ಆಮೇಲೆ ಕೋಲೂರಿಕೊಂಡು ಒಬ್ಬ ಮುದುಕ ಬಾಗಿಲಿಗೆ ಬಂದ. ನಗುತ್ತಿದ್ದ.

"ಎದುರಿನವರು ಕಳಿಸಿದ್ರು."

"ನನ್ನ ಸ್ಟೂಲು ಹೊರಗಿಲ್ವಲ್ಲ!" ಲುತ್ಫಿ ಕಿರುಚಿದ.

"ನಾನೂ ಅದೇ ಅಂದೆನಪ್ಪಾ. ಅದಕ್ಕೆ ಅವರು, 'ಅವನು ಮಾನಸ್ಥ, ಎಲ್ಲರೂ ನಗ್ತಾರೆ ಅಂತ ನಾಚಿ ಒಳಗಿಟ್ಕೊಂಡಿದಾನೆ. ಬೋಣಿ ಆಗಿರಲ್ಲ, ನಂಗೆ ಗೊತ್ತು. ನೀವು ಹೋಗಿ' ಅಂದ್ರು. ಇಂಥ ನೆರೆಯವರು ಸಿಗ್ಬೇಕಾದ್ರೆ ಪುಣ್ಯ ಮಾಡಿರ್ಬೇಕು ಕಣಯ್ಯಾ."

ಲುತ್ಫಿ ಅವತ್ತು ಮುದುಕನಿಗೆ ಏನನ್ನೂ ಮಾರಲಿಲ್ಲ. ಸತ್ತವನು ಸೇಡಿಗೆ ಬಂದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ. ಬೈದಿದ್ದರೆ, ಕುತ್ತಿಗೆ ಹಿಚುಕಿದ್ದರೆ, ಸರಿ ನನ್ನ ಪಾಲಿಗೆ ಬರಬೇಕಾದದ್ದು ಬಂತು ಅಂದುಕೊಳ್ಳಬಹುದಿತ್ತು. ಸುಬ್ಹಿ ಅವನ ಮೇಲೆ ಕನಿಕರಪಡುತ್ತಿದ್ದ.

ಅವತ್ತೇ ಸಂಜೆ ಲುತ್ಫಿ ಒಂದು ಒಳ್ಳೆಯ ರಜಾಯಿ ಹೆಗಲಿಗೆ ಹಾಕಿಕೊಂಡು ಸನಿಯ್ಯಾಳ ಮನೆಗೆ ಹೋದ. ಅವಳು ಬಾಗಿಲ ಸಂದಿಯಲ್ಲೇ ನಿಂತು ಮಾತಾಡಿದಳು. ಒಳಗೆ ಒಲೆ ಉರಿಯುತ್ತಿರಲಿಲ್ಲ. ಗೋಡೆಬದಿಯ ಹಾಸಿಗೆಯ ಮೇಲೆ ಹಳೇ ಕೋಟುಗಳನ್ನು ಹೊಲಿದು ಮಾಡಿದ ಹೊದಿಕೆ ಕಂಡಿತು.

"ತಂಗೀ, ಒಂದು ಮಾತು. ಸುಬ್ಹಿ ನನ್ನ ಬಗ್ಗೆ... ಏನಾದ್ರೂ ಹೇಳ್ತಿದ್ನಾ?"

"ದಿನಾ ಹೇಳ್ತಿದ್ರು ಅಣ್ಣಾ. ಊಟಕ್ಕೆ ಕೂತ್ರೆ ನಿಮ್ಮದೇ ಮಾತು. 'ಲುತ್ಫಿಗೆ ಇವತ್ತೂ ಆಗ್ಲಿಲ್ಲ ಕಣೇ, ಕಳಿಸಿದವರೆಲ್ಲ ಬರೀ ನೋಡಿ ಹೋದ್ರು, ಅವನ ಮನೇಲಿ ಏನು ಬೇಯ್ಸಿದಾರೋ' ಅಂತ. ಆಮೇಲೆ ಅವರಿಗೆ ತುತ್ತು ಇಳೀತಿರ್ಲಿಲ್ಲ. ಕೊನೇ ದಿನಾನೂ..." ಅವಳು ಬಾಗಿಲನ್ನು ಇನ್ನಷ್ಟು ಎಳೆದುಕೊಂಡಳು. "ಕೊನೇ ದಿನ ಬೆಳಿಗ್ಗೆ ನಾನು ಬೇಡ್ಕೊಂಡೆ, ಇವತ್ತೊಂದಿನ ಕಳಿಸ್ಬೇಡಿ, ನೀವೇ ಮಾರಿ, ನಿಮ್ಮ ಔಷಧಿಗೆ ಆಗುತ್ತೆ ಅಂತ. ನಂಗೇ ಗದರಿದ್ರು. ಸ್ಟೂಲು ಹೊರಗಿರೋವಾಗ ಹೇಗೆ ಮಾರ್ಲಿ ಅಂದ್ರು."

ಲುತ್ಫಿ ಸುಳ್ಳು ಹೇಳಿ ಬರಬಹುದಿತ್ತು. ಮೂರು ವರ್ಷ ಹೇಳಿದವನಿಗೆ ಇನ್ನೊಂದು ಭಾರವೇ? ಆದರೆ ಆ ಕೋಟುಗಳ ಹೊದಿಕೆ ಕಣ್ಣಿಗೆ ಬೀಳುತ್ತಿತ್ತು.

"ನಂದು ಆಗಿರ್ತಿತ್ತು ತಂಗೀ," ಅಂದ. "ದಿನಾ ಆಗಿರ್ತಿತ್ತು. ಹಿಂಬಾಗ್ಲಿಂದ ಕಳಿಸ್ತಿದ್ದೆ."

ಅವನು ಹೊಸ್ತಿಲ ಮೇಲಿಟ್ಟಿದ್ದ ರಜಾಯಿಯನ್ನು ಅವಳು ಕಾಲಿನಿಂದ ಹೊರಕ್ಕೆ ತಳ್ಳಿದಳು.

"ಎತ್ಕೊಂಡು ನಡಿ."

"ನನ್ನ ಕ್ಷಮಿಸಿದೆ ಅಂತ ಒಂದು ಮಾತು ಹೇಳು. ಕಾಲಿಗೆ ಬೀಳ್ತೀನಿ..."

"ನಂಗ್ಯಾಕೆ ಹೇಳ್ತೀಯಾ? ಅವರಿಗೆ ಹೇಳು. ಅವರಿಗಿನ್ನೂ ಗೊತ್ತಿಲ್ಲ."

ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಅಗುಳಿ ಬಿದ್ದದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

ಅವತ್ತು ರಾತ್ರಿ ಗೋಡೆಯಾಚೆ ಮಂಚ ಒಂದು ಸಲವೂ ಕಿರುಗುಟ್ಟಲಿಲ್ಲ. ಲುತ್ಫಿ ಮಲಗಿರಲಿಲ್ಲ. ಬಾಂಗ್ ಆಗುವ ಮೊದಲೇ ಹೊರಟ. ಛತ್ರದ ಬಾವಿ ದಾಟಿದ. ಬಕೀಟು ತೊಟ್ಟಿಕ್ಕುತ್ತಿತ್ತು. ತನ್ನ ಅಂಗಡಿ ತೆಗೆಯದೆ ಸೀದಾ ಎದುರಿನ ಬಾಗಿಲಿಗೆ ಹೋದ. ಒಳಗೆ ಹಿಂಜುತ್ತಿದ್ದರು.

ಟಕ್-ಝುಂಯ್... ಟಕ್-ಝುಂಯ್... ಖೊಳ್.

ಬಾಗಿಲ ಹಲಗೆಗಳ ನಡುವಿನ ಸಂದಿಗೆ ಬಾಯಿಟ್ಟ. ಒಳಗಿನಿಂದ ಹೊಸ ಹತ್ತಿಯ ವಾಸನೆ ಬಂತು.

"ಸುಬ್ಹಿ... ನಾನು, ಲುತ್ಫಿ."

ಟಕ್-ಝುಂಯ್...

"ಇನ್ನು ಕಳಿಸ್ಬೇಡ. ನಂದು ಬೋಣಿ ಆಗಿದೆ. ಯಾವಾಗ್ಲೂ ಆಗಿರ್ತಿತ್ತು. ನೀನು ಕಳಿಸಿದವರೆಲ್ಲ ತಗೊಂಡ್ರು ಸುಬ್ಹಿ... ಒಬ್ರೂ ಬರೀ ನೋಡಿ ಹೋಗ್ಲಿಲ್ಲ. ಹಿಂದುಗಡೆ ಬಾಗ್ಲಿಂದ ಕಳಿಸ್ದೆ. ಸ್ಟೂಲು ಸುಳ್ಳು."

ಟಕ್.

ಅಷ್ಟೇ. ಝುಂಯ್ ಬರಲಿಲ್ಲ. ಬಡಿದ ಹೆದೆಯನ್ನು ಯಾರೋ ಕೈಯಲ್ಲಿ ಹಿಡಿದು ನಿಲ್ಲಿಸಿದ ಹಾಗೆ.

ಲುತ್ಫಿ ಕಾದ. ಕಾಲ್ಬೆರಳು ಮರಗಟ್ಟುವವರೆಗೆ ಕಾದ... ಆಗ ಸಂದಿಯ ಆಚೆಯಿಂದ, ತೀರಾ ಹತ್ತಿರದಿಂದ, ಅವನ ಬಾಯಿಯ ಎತ್ತರಕ್ಕೇ, ಪಿಸುಮಾತು.

"ಎಷ್ಟು ದಿನದಿಂದ... ಲುತ್ಫಿ ಅಣ್ಣಾ?"

"ಮೂರು ಚಳಿಗಾಲ."

ಆಮೇಲೆ ಒಳಗೆ ಕಲ್ಲಿನ ನೆಲದ ಮೇಲೆ ಮರದ ಕಾಲು ಎಳೆದ ಸದ್ದು. ಸರ್ರ್... ನಿಂತಿತು. ಸರ್ರ್... ಬಾಗಿಲ ಕಡೆಗೇ ಬರುತ್ತಿತ್ತು.

ಅಲ್ಲಿಂದ ಓಡಿದ ಲುತ್ಫಿ ಬಾವಿಕಟ್ಟೆಯ ಹತ್ತಿರ ಬಿದ್ದಿದ್ದ. ಬಿಸಿ ಹಾಲು ಮಾರುವವನು ಅವನನ್ನು ಎಬ್ಬಿಸಿ ಕೂರಿಸಿ ಒಂದು ಲೋಟ ಕುಡಿಸಿದ. ಬೆಳಕು ಹರಿದ ಮೇಲೆ ಇಬ್ಬರೂ ಓಣಿಗೆ ಬಂದರು. ಹಾಜಿ ದರ್ವೇಶ್ ಆಗಲೇ ಅಲ್ಲಿ ನಿಂತಿದ್ದರು. ಗಡ್ಡದಿಂದಲೇ ತೋರಿಸಿದರು.

ಸುಬ್ಹಿಯ ಬಾಗಿಲಿಗೆ ಬೀಗ ಇದ್ದ ಹಾಗೇ ಇತ್ತು. ಬೀಗದ ಮುಂದೆ, ಹೊರಗೆ, ಸುಬ್ಹಿಯ ಸ್ಟೂಲು.

"ನೀನು ಇಟ್ಟೆಯಾ?" ಹಾಜಿ ಕೇಳಿದರು.

"ನಾನೇ ಒಳಗಿಟ್ಟು ಬೀಗ ಹಾಕಿದ್ದು. ನೀವೂ ನೋಡಿದ್ರಿ."

"ನೋಡಿದ್ದೆ."

ಸನಿಯ್ಯಾಳ ಮನೆಗೆ ಹೇಳಿ ಕಳಿಸಿದರು. ಬೀಗದ ಕೈ ಅವಳ ಕುತ್ತಿಗೆಯ ದಾರದಲ್ಲೇ ಇತ್ತು, ಬಿಚ್ಚಿಲ್ಲ ಅಂದಳು. ಸ್ಟೂಲಿನ ವಿಷಯ ಹೇಳಿದರೆ, "ಇರ್ಲಿ, ಅವರು ಹೊರಗಿಟ್ಟಿದ್ರೆ ಇರ್ಲಿ" ಅಂದಳಂತೆ.

ಅಷ್ಟರಲ್ಲಿ ಪೇಟೆ ಎದ್ದಿತ್ತು. ಲುತ್ಫಿ ಅಂಗಡಿ ತೆಗೆದು ತನ್ನ ಸ್ಟೂಲು ಹೊರಗಿಟ್ಟ. ಮೊದಲ ಗಿರಾಕಿ ಬಂದು ಒಂದು ದಿಂಬು ತೆಗೆದುಕೊಂಡು, ಮುಂಬಾಗಿಲಿಂದಲೇ ಹೋದ. ಲುತ್ಫಿ ಸ್ಟೂಲನ್ನು ಒಳಗಿಟ್ಟ. ಆಮೇಲೆ ಗಂಡ ಹೆಂಡತಿ ಇಬ್ಬರು ಬಂದು ರಜಾಯಿ ತೋರಿಸಿ ಅಂದರು. ಲುತ್ಫಿ ಕೈ ಚಾಚಿದ್ದ. ಓಣಿಯ ತುದಿಯಿಂದ ಹಾಜಿ ದರ್ವೇಶ್ ಒಮ್ಮೆ ಗಂಟಲು ಸರಿಮಾಡಿಕೊಂಡರು. ಲುತ್ಫಿ ತಲೆಯೆತ್ತಿದ. ಹನ್ನೆರಡು ಅಂಗಡಿಯ ಬಾಗಿಲಲ್ಲಿ ಜನ ನಿಂತಿದ್ದರು. ಎಲ್ಲರೂ ಎದುರಿನ ಸ್ಟೂಲನ್ನು ನೋಡಿ, ಆಮೇಲೆ ಅವನನ್ನು ನೋಡಿದರು.

"ಕಳಿಸು," ಅಂದರು ಹಾಜಿ, ಮೆಲ್ಲಗೆ.

"ಅಲ್ಲಿ ಯಾರಿದಾರೆ ಹಾಜಿ, ಕಳಿಸೋಕೆ?"

"ಸ್ಟೂಲು ಹೊರಗಿದೆ ಕಣೋ. ಇನ್ನೇನು ಬೇಕು ನಿಂಗೆ?"

ಲುತ್ಫಿ ಚಾಚಿದ ಕೈ ಹಿಂದಕ್ಕೆಳೆದುಕೊಂಡ. "ನಂದು... ಬೋಣಿ ಆಯ್ತು," ಅಂದ ಆ ಗಂಡ ಹೆಂಡತಿಗೆ. "ಎದುರಿನವರದು ಆಗಿಲ್ಲ. ಅಲ್ಲಿಗೆ ಹೋಗಿ."

ಅವರು ಹೋಗಿ ಬೀಗ ನೋಡಿ, ಇವನಿಗೆ ತಲೆ ಸರಿಯಿಲ್ಲ ಅಂತ ಬೈದುಕೊಂಡು ಬೇರೆ ಪೇಟೆಗೆ ಹೋದರು.

ಆವತ್ತಿನಿಂದ ಆ ಸ್ಟೂಲು ಒಳಗೆ ಹೋಗಿಲ್ಲ. ಇನ್ನೊಬ್ಬನ ಸ್ಟೂಲು, ಯಾರು ಮುಟ್ಟುತ್ತಾರೆ? ಉಳಿದ ಹನ್ನೆರಡು ಜನಕ್ಕೆ ಅದರ ತೊಂದರೆ ಅಷ್ಟಾಗಿ ತಟ್ಟಲಿಲ್ಲ. ಹಿಂಬಾಗಿಲ ಸಂಗತಿ ಕಿವಿಗೆ ಬಿದ್ದ ಮೇಲೆ ಅವರು ಲುತ್ಫಿಯ ಅಂಗಡಿಯ ಕಡೆ ತಿರುಗಿಯೇ ನೋಡುವುದನ್ನು ಬಿಟ್ಟಿದ್ದರು, ಅದರ ಎದುರಿನದೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಲುತ್ಫಿಗೆ ಮಾತ್ರ ಕೂತಲ್ಲಿಂದ ಕಣ್ಣೆತ್ತಿದರೆ ಅದೇ. ದಿನಕ್ಕೆ ಒಂದು ಮಾರುತ್ತಿದ್ದ, ಉಳಿದವರನ್ನೆಲ್ಲ ಬೀಗ ಹಾಕಿದ ಬಾಗಿಲಿಗೆ ಕಳಿಸುತ್ತಿದ್ದ. ಹಿಂಬಾಗಿಲಿಗೆ ಕಲ್ಲು ಕಟ್ಟಿಸಿದ. ಮನೆಯಲ್ಲಿ ಬೇಳೆಸಾರು ಶುರುವಾಯಿತು. ಗೋಡೆಯಾಚೆಯಿಂದ ಅವನ ಹೆಂಡತಿ, "ಇವತ್ತೊಂದಿನ ಕಳಿಸ್ಬೇಡಿ, ನೀವೇ ಮಾರಿ" ಅಂತ ಅಳುವುದು ನನಗೆ ಕೇಳಿಸುತ್ತಿತ್ತು. ಅವನು ಏನು ಉತ್ತರ ಕೊಡುತ್ತಿದ್ದನೆಂದು ಹೇಳಬೇಕಾಗಿಲ್ಲ.

ಅಯ್ಯೋ ಪಾಪ ಅನ್ನುತ್ತೀರಾ? ಅನ್ನಿ. ನನಗೆ ಹಾಗನ್ನಲು ಬಾಯಿ ಬರುವುದಿಲ್ಲ.

ಆರು ವರ್ಷ ಆದ ಮೇಲೆ ನನ್ನ ಮದುವೆ. ರಜಾಯಿ ಕೊಳ್ಳಲು ಬೇಕೆಂದೇ ಲುತ್ಫಿಯ ಅಂಗಡಿಗೆ ಹೋದೆ. ತೆಳ್ಳಗಾಗಿದ್ದ, ಹುಬ್ಬಿನ ತುಂಬ ಹತ್ತಿ. ನನ್ನ ಗುರುತು ಹಿಡಿದರೂ ಪಿಸುಮಾತಲ್ಲಿ ಅದನ್ನೇ ಹೇಳಿದ. "ನಂದು ಆಯ್ತು. ಎದುರಿನವರದು ಆಗಿಲ್ಲ." ಸರಿ ಅಂತ ಎದುರಿಗೆ ಹೋದೆ. ಸುಳ್ಳಲ್ಲ, ನನ್ನ ಮಕ್ಕಳ ಆಣೆ, ಈ ಕಣ್ಣಲ್ಲಿ ನೋಡಿದ್ದು. ಬೀಗ ತುಕ್ಕು ಹಿಡಿದು ಕೊಂಡಿಗೆ ಅಂಟಿಕೊಂಡಿತ್ತು, ತೂತಿನ ಮೇಲೆ ಜೇಡ ಬಲೆ ಕಟ್ಟಿತ್ತು. ಸ್ಟೂಲು ಹೊರಗಿತ್ತು. ನಾನು ಮುಟ್ಟಲಿಲ್ಲ, ಬಗ್ಗಿ ನೋಡಿದೆ ಅಷ್ಟೇ.

ಸೀಳಿದ ಕಾಲಿಗೆ ಸುತ್ತಿದ್ದ ದಾರ ಬೆಳ್ಳಗಿತ್ತು. ಹೊಸದು.